ಐದು ಕಿಲೋ ಒಳಗಿನ ಆಂಪ್

ಫೆಬ್ರವರಿ ೨೧, ಶನಿವಾರ

ಔಷಧಿಯ ಹೊತ್ತು ಬರೆದಿಡಲು ಕೊಂಡ ಪುಸ್ತಕವಿದು. ಮೂರು ಪುಟ ಮಾತ್ರೆಗಳ ಹೆಸರು ಬರೆದ ಮೇಲೆ ಉಳಿದ ಪುಟಗಳಲ್ಲಿ ನನ್ನ ಗೊಣಗಾಟ ಬರೆದರೆ ಯಾರಿಗೇನು ನಷ್ಟ?

ಇವರು ಆಸ್ಪತ್ರೆಯಿಂದ ಬಂದು ಇಂದಿಗೆ ಹದಿನೈದು ದಿನ. ಮಧ್ಯಾಹ್ನ ಮಲಗಿದ್ದಾಗ ಬಾಗಿಲಲ್ಲಿ ನಿಂತು ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು. ಮತ್ತೆ ಎಣಿಸಿದೆ, ಹದಿನೈದು. ಒಂದು ಹೆಚ್ಚಾದದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮೂರನೆಯ ಸಲ ಶುರು ಮಾಡಿದಾಗ, ಕಣ್ಣು ಮುಚ್ಚಿಕೊಂಡೇ "ಎಷ್ಟು ಬಂತು?" ಎಂದರು. ಪರದೆ ಸರಿ ಮಾಡಲು ಬಂದವಳ ಹಾಗೆ ಪರದೆ ಎಳೆದು ಬಂದುಬಿಟ್ಟೆ.

ಎದೆ ತೆರೆದು ಮೂರು ರಕ್ತನಾಳ ಜೋಡಿಸಿದ್ದಾರೆ. ಎದೆಮೂಳೆ ಕೂಡಿಕೊಳ್ಳುವವರೆಗೆ, ಅಂದರೆ ಮೂರು ತಿಂಗಳು, ಐದು ಕಿಲೋಗಿಂತ ಹೆಚ್ಚಿನದನ್ನು ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬೇರೆಯವರಿಗೆ ಹೇಳಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇವರು ಮೂವತ್ತಾರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಐದು ಕಿಲೋ ಎಂದರೆ ಇವರ ಪಾಲಿಗೆ ಐದೇ ಕಿಲೋ. ಅಟ್ಟದಿಂದ ತಮ್ಮ ಹಳೆಯ ಕೊಕ್ಕೆ ತಕ್ಕಡಿ ತೆಗೆಸಿಕೊಂಡಿದ್ದಾರೆ. ಗಡಿಯಾರದಂಥ ದುಂಡು ಮುಖ, ಕೆಳಗೊಂದು ಕೊಕ್ಕೆ. ಬಕೆಟ್ಟು, ಹೂವಿನ ಕುಂಡ, ಒದ್ದೆ ಸ್ವೆಟರು, ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ನೇತುಹಾಕಿ ತೂಗುತ್ತಾರೆ. ಇವತ್ತು ಅಂಗಡಿಯಿಂದ ತಂದ ಚೀಲ ಐದು ಕಿಲೋ ಇನ್ನೂರು ಗ್ರಾಂ ಬಂತು. ನಾನು ಸುಮ್ಮನೆ ಒಂದು ಬ್ರೆಡ್ ಹೊರಗೆ ತೆಗೆದು ಚೀಲ ಕೈಗೆ ಕೊಟ್ಟೆ. ಬಾಗಿಲಿನಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ, ರಾಜಕುಮಾರನ ಹಾಗೆ ಹೊತ್ತು ನಡೆದರು.

ಫೆಬ್ರವರಿ ೨೪, ಮಂಗಳವಾರ

ಅತ್ತೆ ಇನ್ನೂ ಓಣಿಯಂಥ ನಡುಮನೆಯಲ್ಲೇ ಕೂತಿದ್ದಾಳೆ, ಮೇಲೆ ಒಂದು ಬೆಡ್‌ಶೀಟು ಹೊದ್ದು.

ಅತ್ತೆ ಎಂದರೆ ನನ್ನ ಗಿಟಾರ್ ಆಂಪ್ಲಿಫೈಯರು. ಹಳೆಯ ವಾಲ್ವ್ ಆಂಪ್, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳು. ಇಪ್ಪತ್ತೆರಡು ವರ್ಷದ ಹಿಂದೆ ಮನೆಗೆ ಬಂದ ದಿನ ಇವರೇ ಆ ಹೆಸರಿಟ್ಟರು. "ನಮ್ಮಮ್ಮನ ಹಾಗೇ ಕಣೇ. ಸ್ವಿಚ್ ಹಾಕಿದ ತಕ್ಷಣ ಮಾತಾಡಲ್ಲ, ಬಿಸಿಯಾಗ್ಬೇಕು. ಬಿಸಿಯಾದ್ಮೇಲೆ ನಿಲ್ಸೋಕೆ ಆಗಲ್ಲ." ತೂಕ ಮೂವತ್ತೊಂದು ಕಿಲೋ ನಾನೂರು ಗ್ರಾಂ.

ನಾವು ನಾಲ್ವರ ತಂಡ. ದುಡಿಮೆ ಎಲ್ಲರದೂ ಬೇರೆ, ನನ್ನದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ. ತಿಂಗಳಿಗೊಂದೆರಡು ಕಡೆ ನುಡಿಸುತ್ತೇವೆ. ಗಿಟಾರ್ ನಾನು ಹೊರುವುದು, ಅತ್ತೆಯನ್ನು ಇವರು ಹೊರುವುದು, ಇದೇ ನಮ್ಮ ಸಂಸಾರದ ಕ್ರಮ. ಸಂಗೀತ ಎಂದರೆ ಇವರಿಗೆ ಅಷ್ಟಕ್ಕಷ್ಟೆ. ಆದರೂ ಒಂದು ಕಾರ್ಯಕ್ರಮ ತಪ್ಪಿಸಿಲ್ಲ, ಏಕೆಂದರೆ ಅತ್ತೆಯನ್ನು ಹೊರಬೇಕಲ್ಲ.

ಜನವರಿ ಹದಿನೆಂಟರಂದು ಸಭಾಂಗಣದ ಹೊರಮೆಟ್ಟಿಲು ಹತ್ತುತ್ತಿದ್ದೆವು. ಹತ್ತೊಂಬತ್ತು ಮೆಟ್ಟಿಲು. ಹನ್ನೊಂದನೆಯದರಲ್ಲಿ ಇವರು ನಿಂತರು. ಅತ್ತೆಯನ್ನು ಓರೆಯಾಗದ ಹಾಗೆ ನೆಟ್ಟಗೆ ಕೆಳಗಿಟ್ಟರು. ಆಮೇಲೆ ಎದೆ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಪ್ರಾಣ ಹೋಗುವ ಹೊತ್ತಲ್ಲೂ ಮೊದಲು ಪೆಟ್ಟಿಗೆ! ನೆನೆದರೆ ಈಗಲೂ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಅಂದಿನಿಂದ ಗಿಟಾರ್ ಮುಟ್ಟಿಲ್ಲ. ಬೆರಳ ತುದಿಯ ದಡ್ಡು ಮೆತ್ತಗಾಗಿದೆ. ಇಂದು ಉಸಿರು ಹದಿನಾಲ್ಕು.

ಮಾರ್ಚ್ ೧, ಭಾನುವಾರ

ನಾದಿನಿ ಬಂದಿದ್ದಳು. ಅಣ್ಣನ ತಲೆ ಸವರಿದಳು, ಹಣ್ಣು ಹೆಚ್ಚಿಕೊಟ್ಟಳು, ಹೊರಡುವಾಗ ನಡುಮನೆಯಲ್ಲಿ ಬೆಡ್‌ಶೀಟಿನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಇಪ್ಪತ್ತೆರಡು ವರ್ಷ ಈ ಹೆಣಭಾರ ಹೊರಿಸಿದ್ರಿ ಅತ್ತಿಗೆ. ಎದೆ ಒಡೀದೆ ಇನ್ನೇನಾಗತ್ತೆ?"

ನಾನೇ ಹೇಳಿಕೊಳ್ಳಲು ಹೆದರಿ ಇಟ್ಟುಕೊಂಡಿದ್ದ ಮಾತನ್ನು ಅವಳು ಬಾಗಿಲಲ್ಲಿ ನಿಂತು ಹೇಳಿಹೋದಳು.

ಹದಿನಾಲ್ಕು. ಹದಿನಾಲ್ಕು. ಹದಿಮೂರು.

ಮಾರ್ಚ್ ೫, ಗುರುವಾರ

ನಮ್ಮ ಹಾಡುಗಾರ್ತಿ ಫೋನ್ ಮಾಡಿದ್ದಳು. ಅಂಚೆ ಕಚೇರಿಯಲ್ಲಿ ಗುಮಾಸ್ತೆ, ಮುದ್ರೆ ಒತ್ತುವ ಹಾಗೆ ಮಾತಾಡುತ್ತಾಳೆ. "ಏಪ್ರಿಲ್ ಇಪ್ಪತ್ತೈದು. ಅದೇ ಸಭಾಂಗಣ. ಬರ್ತೀಯಾ, ಬರಲ್ವಾ? ಬರಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ, ಆದ್ರೆ ನಂಗೆ ಬೇರೆಯವರು ಬೇಡ."

ಆಂಪ್ ಹೊರುವವರಿಲ್ಲ ಎಂದೆ. ಅವಳ ಪಕ್ಕದಲ್ಲೇ ಇದ್ದ ಡ್ರಮ್ಮಿನವನು, ಬೇಕರಿಯವನು, ಫೋನ್ ಕಿತ್ತುಕೊಂಡು "ನಾನು ಹೊರ್ತೀನಿ ಬಿಡಕ್ಕ, ದಿನಾ ಐವತ್ತು ಕಿಲೋ ಹಿಟ್ಟಿನ ಮೂಟೆ ಎತ್ತೋನು" ಎಂದ. ಸ್ಪೀಕರಿನಲ್ಲಿತ್ತು. ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದ ಇವರ ಕೈ ನಿಂತಿತು. ಮುಖ ಎತ್ತಲಿಲ್ಲ. ಒಂದು ಸಿಪ್ಪೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಬೇಡಪ್ಪ, ನಾನೇ ಏನಾದ್ರೂ ಮಾಡ್ತೀನಿ" ಎಂದೆ. ಫೋನಿಟ್ಟ ಮೇಲೆ ಇವರು, "ಹಗುರವಾದ ಆಂಪ್ ಇಲ್ವೇನೇ ಪ್ರಪಂಚದಲ್ಲಿ?" ಎಂದು ಕೇಳಿದರು.

ಇವೆ. ಆದರೆ ಅವು ಆಂಪ್‌ಗಳಲ್ಲ, ಆಟಿಕೆಗಳು.

ಮಾರ್ಚ್ ೮, ಭಾನುವಾರ

ವಾದ್ಯದ ಅಂಗಡಿಗೆ ಹೋಗಿದ್ದೆವು. ಇವರಿಗೆ ಇದೇ ಮೊದಲ ದೊಡ್ಡ ಪ್ರಯಾಣ. ತಕ್ಕಡಿ ಕೋಟಿನ ಜೇಬಿನಲ್ಲಿ.

ಅಂಗಡಿಯವನು ತೆಳ್ಳಗಿನ ಮನುಷ್ಯ, ಬೆಸುಗೆಯ ವಾಸನೆ ಅವನ ಮೈಯದೇ ಆಗಿಬಿಟ್ಟಿದೆ. ಒಂದೊಂದಾಗಿ ತೋರಿಸಿದ. ಮೊದಲು ಸಣ್ಣ ವಾಲ್ವ್ ಆಂಪ್, ಅತ್ತೆಯ ತಂಗಿಯ ಹಾಗೆ. ಹದಿನಾರು ಕಿಲೋ. ಆಮೇಲೆ ಮುಂದೊಂದೇ ವಾಲ್ವ್, ಉಳಿದದ್ದೆಲ್ಲ ಟ್ರಾನ್ಸಿಸ್ಟರ್ ಇರುವ ಒಂದು ಮಿಶ್ರತಳಿ. ಆ ಒಂದು ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ದೀಪ ಇಟ್ಟಿದ್ದಾರೆ, ಕಾದು ಕೆಂಪಾದಂತೆ ಕಾಣಲಿ ಎಂದು. ಇಂಥ ವಯ್ಯಾರಕ್ಕೆ ನಾನು ಮರುಳಾಗುವವಳಲ್ಲ. ಕೊನೆಗೆ ಮಾಡೆಲಿಂಗ್ ಆಂಪ್. ಒಳಗಿರುವುದು ಪುಟ್ಟ ಕಂಪ್ಯೂಟರು, ಅರವತ್ತು ಹಳೆಯ ಆಂಪ್‌ಗಳ ದನಿಯನ್ನು ಮಿಮಿಕ್ರಿ ಮಾಡುತ್ತದೆ. ಕಪ್ಪು ಪೆಟ್ಟಿಗೆ, ಸ್ಪೀಕರ್ ಸಮೇತ. ಅದೇ ಜಾತಿಯ ಇನ್ನೊಂದು ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ಹಲಗೆ, ಸ್ಪೀಕರೇ ಇಲ್ಲ, ಸಭಾಂಗಣದ ಸ್ಪೀಕರಿಗೆ ಸಿಕ್ಕಿಸುವುದು. ಎರಡು ಕಿಲೋ ಕೂಡ ಇಲ್ಲ.

"ಇದನ್ನ ಗಿಟಾರ್ ಬ್ಯಾಗಲ್ಲೇ ಹಾಕ್ಕೊಂಡು ಹೋಗ್ಬಹುದು ಮೇಡಂ. ಯಾರ ಸಹಾಯಾನೂ ಬೇಡ" ಎಂದ ಅಂಗಡಿಯವನು.

ಇವರು ಎದ್ದು ಹೋಗಿ ಗೋಡೆಯ ಮೇಲಿನ ತಂತಿಗಳ ಪೊಟ್ಟಣಗಳನ್ನು ಓದತೊಡಗಿದರು. ಹಿಂದುಮುಂದು, ಎರಡೂ ಕಡೆ.

ಕಣ್ಣು ಪರೀಕ್ಷೆಯ ಕ್ರಮದಲ್ಲೇ ಆರಿಸಿದೆ. ಇದು ಒಂದು, ಇದು ಎರಡು. ಒಂದಾ ಎರಡಾ? ಪ್ರತಿ ಸಲವೂ ವಾಲ್ವೇ ಗೆದ್ದಿತು. ಎದೆಗೆ ತಾಗುವ ದನಿ ಅದು, ಇನ್ನೊಂದು ಬೆಣ್ಣೆ ಹಚ್ಚಿದ ಪ್ಲಾಸ್ಟಿಕ್. ಗೆದ್ದವಳ ಹಾಗೆ ಮನೆಗೆ ಬಂದೆ.

ರಸ್ತೆಯಲ್ಲಿ ಇವರು ಕೇಳಿದ್ದು ಒಂದೇ ಮಾತು. "ಎರಡರದ್ದೂ ಸದ್ದು ಸಮ ಇತ್ತಾ?"

"ಅದರಲ್ಲಿ ಸದ್ದಿನ ಮಾತೇನ್ರೀ ಬಂತು!" ಎಂದು ರೇಗಿದೆ.

ಮಾರ್ಚ್ ೯, ಸೋಮವಾರ

ಇಂದು ಅಂಗಡಿಗೆ ಒಬ್ಬ ಲಾರಿ ಚಾಲಕ ಬಂದಿದ್ದ. ಗಾಜು ಬದಲಿಸಿ ಬದಲಿಸಿ ಕೇಳಿದೆ. ಗಾಜಿನ ಶಕ್ತಿ ಏರಿಸಿದಂತೆಲ್ಲ "ಇದೇ ಚೆನ್ನಾಗಿದೆ, ಇದೇ" ಎನ್ನುತ್ತ ಹೋದ. ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ: "ಅಕ್ಷರ ಸ್ಪಷ್ಟವಾಗಿದ್ಯಾ, ಇಲ್ಲಾ ಬರೀ ಕಪ್ಪಾಗಿ ಕಾಣ್ತಿದ್ಯಾ? ಕಪ್ಪಾಗಿರೋದೆಲ್ಲ ಸ್ಪಷ್ಟ ಅಲ್ಲ. ನೋಡಿ ಹೇಳಿ."

ಹೇಳಿದವಳು ಅಲ್ಲೇ ಗಾಜು ಹಿಡಿದು ನಿಂತುಬಿಟ್ಟೆ. ಚಾಲಕ "ಮೇಡಂ?" ಎಂದ.

ವಾಲ್ವ್ ಆಂಪ್ ಜೋರಾಗಿತ್ತು. ಅಷ್ಟೇ. ಜೋರಾಗಿದ್ದದ್ದನ್ನು ಚೆನ್ನಾಗಿದೆ ಎಂದುಕೊಂಡೆ. ಹತ್ತೊಂಬತ್ತು ವರ್ಷ ಊರವರ ಕಣ್ಣಿಗೆ ಬುದ್ಧಿ ಹೇಳಿದವಳ ಕಿವಿ ಹೀಗೆ ಕೈಕೊಟ್ಟಿತು. ಇವರಿಗೆ ಹೇಳಲೇ ಬೇಡವೇ ಎಂದು ಸಂಜೆಯವರೆಗೆ ಯೋಚಿಸಿ ಹೇಳಿದೆ. ನಗಲಿಲ್ಲ, ದೊಡ್ಡ ಮನುಷ್ಯ.

"ತಟ್ಟೆ ಸಮ ಮಾಡದೆ ತೂಗಬಾರದು ಕಣೆ. ನಮ್ಮ ಇಲಾಖೇಲಿ ಮೊದಲನೇ ದಿನ ಕಲಿಸೋದೇ ಅದು" ಎಂದು ಶುರು ಮಾಡಿ, ತಾವು ಹಿಡಿದ ಕಳ್ಳ ವ್ಯಾಪಾರಿಗಳ ಕಥೆಗಳನ್ನೆಲ್ಲ ಹೇಳಿದರು. ಮುಳ್ಳನ್ನು ಸೊನ್ನೆಯಿಂದ ಸರಿಸಿಟ್ಟು, ಗಿರಾಕಿಗೆ ಕಾಣದ ಹಾಗೆ ಸೊನ್ನೆಯ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಿದ್ದರಂತೆ. "ನಾನು ಸಾಮಾನು ನೋಡ್ತಾನೇ ಇರ್ಲಿಲ್ಲ. ಹೆಬ್ಬೆರಳು ನೋಡ್ತಿದ್ದೆ." ಜನವರಿಯ ನಂತರ ಇಷ್ಟು ಹೊತ್ತು ಮಾತಾಡಿದ್ದು ಇಂದೇ.

ಮಾರ್ಚ್ ೧೪, ಶನಿವಾರ

ಅಂಗಡಿಯವನು ಮಾಡೆಲಿಂಗ್ ಪೆಟ್ಟಿಗೆಯನ್ನು ಒಂದು ವಾರಕ್ಕೆ ಎರವಲು ಕೊಟ್ಟ. ತಾನೇ ತಂದು ನಡುಮನೆಯಲ್ಲಿಟ್ಟು ಹೋದ.

ಹೋಲಿಸಬೇಕೆಂದರೆ ಅತ್ತೆಯನ್ನು ಎಬ್ಬಿಸಬೇಕು. ಬೆಡ್‌ಶೀಟು ತೆಗೆದೆ. ಸ್ವಿಚ್ ಹಾಕಲು ಕೈ ಬರಲಿಲ್ಲ. ಇವರು ಬಂದು ಹಾಕಿದರು. ವಾಲ್ವ್ ಕಾಯುವವರೆಗೆ ಇಬ್ಬರೂ ನೆಲದ ಮೇಲೆ ಕೂತು ಕಾದೆವು. ಹಿಂದಿನಿಂದ ಸಣ್ಣಗೆ ಕೆಂಪು ಬೆಳಕು, ಬಿಸಿಯಾದ ಧೂಳಿನ ವಾಸನೆ, ಆಮೇಲೆ ಆ ಗುಂಯ್ ಎನ್ನುವ ಸದ್ದು. ನನಗೆ ಅಳು ಬಂತು. ಇವರು ಗಿಟಾರ್ ತಂದು ಮಡಿಲಿಗಿಟ್ಟರು. (ಗಿಟಾರ್ ಮೂರು ಕಿಲೋ ಆರುನೂರು.)

ಹತ್ತು ನಿಮಿಷ ನುಡಿಸಿದೆ. ಬೆರಳು ಉರಿಯುತ್ತಿದೆ. ಉರಿಯಲಿ.

ಮಾರ್ಚ್ ೧೫, ಭಾನುವಾರ

ಪರೀಕ್ಷೆ ಪೂರ್ತಿ ಇವರದೇ ಉಸ್ತುವಾರಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ಬೆಡ್‌ಶೀಟು ಕಟ್ಟಿ ಅದರ ಹಿಂದೆ ಎರಡೂ ಆಂಪ್. ಸದ್ದು ಅಳೆಯಲು ಫೋನಿನಲ್ಲಿ ಏನೋ ಹಾಕಿಸಿಕೊಂಡು, ಟೇಪಿನಲ್ಲಿ ದೂರ ಅಳೆದು, ಎರಡರ ಸದ್ದನ್ನೂ ಒಂದೇ ಅಂಕಿಗೆ ತಂದರು. ಮುಖದಲ್ಲಿ ಮತ್ತೆ ಸರ್ಕಾರಿ ನೌಕರಿಯ ಕಳೆ. ನನಗೆ ಕುರ್ಚಿಯಿಂದ ಏಳಲೂ ಅಪ್ಪಣೆಯಿಲ್ಲ. ಒಳಗಿನಿಂದಲೇ ತಂತಿ ಬದಲಿಸಿ "ಒಂದನೇ ಸಲ", "ಎರಡನೇ ಸಲ" ಎಂದು ಕೂಗುತ್ತಿದ್ದರು.

ಹತ್ತು ಸಲ ನುಡಿಸಿ, ಹತ್ತು ಸಲ ಇದು ಅತ್ತೆ, ಇದು ಅಲ್ಲ ಎಂದು ಹೇಳಿದೆ. ಖಡಾಖಂಡಿತವಾಗಿ ಹೇಳಿದೆ.

ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಮಾರ್ಚ್ ೧೬, ಸೋಮವಾರ

ಸಭಾಂಗಣದಲ್ಲಿ, ಪೂರ್ತಿ ಜೋರಾಗಿ, ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಬೆಳಗ್ಗೆಯಿಂದ ವಾದಿಸುತ್ತಿದ್ದೇನೆ. ವಾದಿಸುವುದು ನನ್ನ ಜೊತೆಗೇ. ಇರಬಹುದು. ಆದರೆ ವಾಲ್ವ್ ಬೇಕು, ವಾಲ್ವೇ ಬೇಕು ಎಂದು ನಾನು ಹಟ ಹಿಡಿದದ್ದು ದನಿಗಾಗಿ ಅಲ್ಲ ಎಂದು ಇಲ್ಲಿ ಬರೆದೇಬಿಡುತ್ತೇನೆ. ಹೊರುವುದಕ್ಕೆ ಏನೂ ಇಲ್ಲದೆ ಹೋದರೆ ಇವರು ಯಾಕೆ ಬರುತ್ತಾರೆ? ಮನೆಯಲ್ಲೇ ಕೂತು ಕೂತು ಹಾಗೇ ಕುಗ್ಗಿಹೋದರೆ? ಆ ಎರಡು ಕಿಲೋದ ಹಲಗೆ ಕಂಡಾಗ ನನಗೆ ಆದದ್ದು ತಿರಸ್ಕಾರ ಅಲ್ಲ, ಭಯ.

ಮಾರ್ಚ್ ೨೧, ಶನಿವಾರ

ಎರವಲಿನ ವಾರ ಮುಗಿಯಿತು. ಕಪ್ಪು ಪೆಟ್ಟಿಗೆಯೋ, ನೆಲದ ಹಲಗೆಯೋ ಎಂದು ಅಂಗಡಿಯವನಿಗೆ ಹೇಳಬೇಕಿತ್ತು.

"ನಿಂಗ್ಯಾವುದು ಇಷ್ಟ?" ಎಂದರು ಇವರು.

"ಪೆಟ್ಟಿಗೆ. ಬೆನ್ನ ಹಿಂದೆ ಸ್ಪೀಕರ್ ಇದ್ರೆ ಧೈರ್ಯ. ಆದ್ರೆ ಅದರ ತೂಕ ಎಷ್ಟೋ."

"ತಾಳು" ಎಂದು ಒಳಗೆ ಹೋಗಿ ತಕ್ಕಡಿ ತಂದರು. ಯಾಕೋ ಸ್ವಲ್ಪ ಹೊತ್ತು ಹಿಡಿಯಿತು. ಪೆಟ್ಟಿಗೆಯ ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ, ನನ್ನ ಕೈಯಲ್ಲೇ ಎತ್ತಿಸಿ, ತಾವು ತಕ್ಕಡಿಯ ಅಂಚು ಹಿಡಿದು, ಕಣ್ಣು ಹತ್ತಿರ ತಂದು ಓದಿದರು. "ನಾಲ್ಕು ಎಂಟುನೂರು. ಐದರೊಳಗೇ."

ನಾನೂ ನೋಡಿದೆ. ನಾಲ್ಕು ಎಂಟುನೂರೇ. ಅಂಗಡಿಯವನಿಗೆ ಫೋನ್ ಮಾಡಿ ಪೆಟ್ಟಿಗೆಯೇ ಇರಲಿ ಎಂದೆ. ಇವರು ಇನ್ನೊಂದು ಕಪ್ ಚಹಾ ಕೇಳಿ ಕುಡಿದರು. ಅದಕ್ಕೆ ಹೆಸರೂ ಇಟ್ಟಾಯಿತು: ಸೊಸೆ. "ಗುಂಡಿ ಒತ್ತಿದ ತಕ್ಷಣ ಮಾತಾಡ್ತಾಳೆ, ಅರವತ್ತು ದನೀಲಿ."

ಮಾರ್ಚ್ ೨೯, ಭಾನುವಾರ

ಅಭ್ಯಾಸ ಚೆನ್ನಾಗಿ ಸಾಗಿದೆ. ಬೇಕರಿಯ ಮಹಡಿಯಲ್ಲಿ ಸೇರುತ್ತೇವೆ, ಅಲ್ಲಿ ಒಂದು ಹಳೆಯ ಆಂಪ್ ಇದೆ, ಸೊಸೆಯನ್ನು ಒಯ್ಯುವುದು ಬೇಕಿಲ್ಲ. ಅರವತ್ತು ದನಿಗಳಲ್ಲಿ ಮೂರು ಸಾಕು ಎಂದು ತೀರ್ಮಾನಿಸಿದ್ದೇನೆ. ಉಳಿದ ಐವತ್ತೇಳು ಯಾರಾದರೂ ಹುಡುಗರಿಗಿರಲಿ.

ಇವರು ಉದ್ಯಾನದವರೆಗೆ ನಡೆದುಬರುತ್ತಾರೆ. ಮೊದಲೆಲ್ಲ ನಾನು ಐವತ್ತು ಹೆಜ್ಜೆ ಹಿಂದೆ ಕಳ್ಳಿಯ ಹಾಗೆ ಹೋಗುತ್ತಿದ್ದೆ. ಈ ವಾರ ಎರಡು ದಿನ ಹೋಗಲಾಗಲಿಲ್ಲ, ಒಂದು ಕಷ್ಟದ ತಿರುವು ಕೈಗೆ ಕೂರುತ್ತಿರಲಿಲ್ಲ.

ಒಂದು ವಿಚಿತ್ರ. ಒಂದು ವಾರದಿಂದ ಇವರು ಏನನ್ನೂ ತೂಗಿಲ್ಲ. ನಿನ್ನೆ ಅಂಗಡಿಯ ಚೀಲ ಹಾಗೇ ಎತ್ತಿಕೊಂಡರು.

ಏಪ್ರಿಲ್ ೨, ಗುರುವಾರ

ತಕ್ಕಡಿ ಎಲ್ಲೆಂದು ಹುಡುಕಿದರೆ ಸಾಕ್ಸ್ ಇಡುವ ಡ್ರಾಯರಿನಲ್ಲಿ ಸಿಕ್ಕಿತು. ಕೊಕ್ಕೆ ಖಾಲಿ, ಮುಳ್ಳು ಸೊನ್ನೆಯ ಎಡಕ್ಕೆ. ಕೂದಲೆಳೆಯ ವ್ಯತ್ಯಾಸ ಹಿಡಿಯುವುದೇ ನನ್ನ ಕಸುಬು. ಇದು ಕೂದಲೆಳೆಯೂ ಅಲ್ಲ, ಹೆಬ್ಬೆರಳಿನಷ್ಟಿತ್ತು. ಆ ದಿನ ಸೊನ್ನೆಯ ಮೇಲೆ ಇವರ ಹೆಬ್ಬೆರಳು ಇದ್ದದ್ದು ಆಗ ನೆನಪಾಯಿತು.

ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದೆ. ಇನ್ನೂರು ಗ್ರಾಂ ತೋರಿಸಿತು. ಎಂಟುನೂರು ಗ್ರಾಂ ಕಳವು. ಅಂದರೆ ಸೊಸೆಯ ತೂಕ ಐದು ಕಿಲೋ ಆರುನೂರು.

ಮೂವತ್ತಾರು ವರ್ಷ ಒಬ್ಬರ ಚಹಾ ಕುಡಿಯದೆ, ಯಾರ ಮುಲಾಜಿಗೂ ಬೀಳದೆ, ಸ್ವಂತ ಭಾವಮೈದುನನ ಅಂಗಡಿಯ ತಕ್ಕಡಿಯನ್ನೇ ಜಪ್ತಿ ಮಾಡಿದ ಮನುಷ್ಯ! ಮೊದಲು ಕೆಂಡದಂಥ ಸಿಟ್ಟು ಬಂತು. ಎದೆಮೂಳೆ ಬಿಟ್ಟುಕೊಂಡರೆ ಏನು ಗತಿ? ಆಮೇಲೆ ಆ ಡ್ರಾಯರಿನ ಮುಂದೆ ಕೂತು ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಎಲ್ಲವನ್ನೂ ಇದ್ದ ಹಾಗೇ ಸಾಕ್ಸ್ ಕೆಳಗೆ ಇಟ್ಟೆ.

ಆದರೆ ಹೊರಲು ಬಿಡುವುದಿಲ್ಲ. ಡಾಕ್ಟರನ್ನು ಕೇಳದೆ ಖಂಡಿತ ಬಿಡುವುದಿಲ್ಲ.

ಏಪ್ರಿಲ್ ೧೧, ಶನಿವಾರ

ಸೊಸೆಯನ್ನು ನಡುಮನೆಯಿಂದ ಕೋಣೆಗೆ ಇಡ್ತೀನಿ ಎಂದರು. ನಾನೇ ಇಟ್ಟೆ. ಕಾರಿನವರೆಗೆ ಒಯ್ದು ನೋಡ್ತೀನಿ ಎಂದರು. ಮಳೆ ಬರುವ ಹಾಗಿದೆ ಎಂದೆ. ಆಕಾಶ ಒರೆಸಿಟ್ಟ ಹಾಗಿತ್ತು. ಮುಖ ಊದಿಸಿಕೊಂಡು ಕೂತಿದ್ದಾರೆ. ಇಬ್ಬರೂ ಕಳ್ಳರು.

ಏಪ್ರಿಲ್ ೧೭, ಶುಕ್ರವಾರ

ಆಸ್ಪತ್ರೆ. ಇವರನ್ನು ಒಳಗೆ ಟ್ರೆಡ್‌ಮಿಲ್ಲಿನ ಮೇಲೆ ನಡೆಸುತ್ತಿದ್ದಾಗ ಡಾಕ್ಟರ ಹತ್ತಿರ ಒಬ್ಬಳೇ ಹೋದೆ.

"ಐದು ಕಿಲೋ ಆರುನೂರು ಗ್ರಾಂ ಎತ್ತಬಹುದಾ?"

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಇಷ್ಟು ಕರಾರುವಾಕ್ಕಾಗಿ ಕೇಳಿದೋರು ನೀವೇ ಮೊದಲು. ಎಕ್ಸ್‌ರೇಲಿ ಮೂಳೆ ಚೆನ್ನಾಗಿ ಕೂಡಿದೆ. ಎಂಟು ಕಿಲೋವರೆಗೂ ಎತ್ತಲಿ. ಎತ್ತದೆ ಇದ್ರೇ ತೊಂದರೆ."

ಎದ್ದವಳು ಮತ್ತೆ ಕೂತೆ. ನಾದಿನಿ ಹೇಳಿಹೋದದ್ದನ್ನು ಕೇಳಿಯೇಬಿಟ್ಟೆ. "ಇಪ್ಪತ್ತೆರಡು ವರ್ಷ ಮೂವತ್ತೊಂದು ಕಿಲೋ ಹೊರಿಸಿದೆ ಡಾಕ್ಟ್ರೇ. ಅದರಿಂದಲೇ..."

"ಅಲ್ಲ ತಾಯಿ" ಎಂದು ಅವರು ಪೆನ್ನು ಕೆಳಗಿಟ್ಟರು. "ರಕ್ತನಾಳ ಕಟ್ಟಿಕೊಳ್ಳೋದು ಒಳಗೊಳಗೇ, ವರ್ಷಗಟ್ಟಲೆ. ಅವರಪ್ಪಂಗೂ ಇತ್ತು ಅಂತ ಫೈಲಲ್ಲಿದೆ. ಇಪ್ಪತ್ತೆರಡು ವರ್ಷ ಹೊತ್ತರಲ್ಲ, ಅದಕ್ಕೇ ಅವರ ಮೈ ಈ ಆಪರೇಷನ್ನು ಇಷ್ಟು ಚೆನ್ನಾಗಿ ತಡ್ಕೊಂಡಿದ್ದು."

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಎದೆಯ ಮೇಲಿಂದ ಅತ್ತೆಯನ್ನು ಯಾರೋ ಇಳಿಸಿದ ಹಾಗಿತ್ತು. ಇವರು ಬಂದವರೇ "ಎಂಟು ಕಿಲೋ ಅಂತೆ!" ಎಂದು ದಾರಿಹೋಕರಿಗೆಲ್ಲ ಕೇಳುವ ಹಾಗೆ ಹೇಳಿದರು.

ಏಪ್ರಿಲ್ ೧೮, ಶನಿವಾರ

ತಕ್ಕಡಿ ಮತ್ತೆ ಅಡುಗೆಮನೆಯ ಮೊಳೆಯಲ್ಲಿದೆ. ಮುಳ್ಳು ಸೊನ್ನೆಯ ಮೇಲೇ ಇದೆ.

ಏಪ್ರಿಲ್ ೨೫, ಶನಿವಾರ

ಈಗಷ್ಟೇ ಬಂದೆವು.

ನಾನು ಮುಂದೆ ಹೋಗಿ ವೇದಿಕೆಯಲ್ಲಿ ಶ್ರುತಿ ಮಾಡುತ್ತಿದ್ದೆ. ಮೂರನೆಯ ತಂತಿ ಇಳಿದುಹೋಗಿತ್ತು, ಎಷ್ಟು ತಿರುಪಿದರೂ ನಿಲ್ಲುತ್ತಿರಲಿಲ್ಲ. ಬೆನ್ನ ಹಿಂದೆ ದಪ್ಪನೆ ಏನೋ ಇಟ್ಟ ಸದ್ದಾಯಿತು. ತಿರುಗಿದರೆ ಸೊಸೆ, ಪಕ್ಕದಲ್ಲಿ ಇವರು, ಸ್ವಲ್ಪ ಏದುಸಿರು, ಕಿವಿಯವರೆಗೆ ನಗು. "ಓರೆಯಾಗಿಲ್ಲ ತಾನೆ?" ಎಂದರು. ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತರೋ ಇಲ್ಲವೋ ನಾನು ನೋಡಲೇ ಇಲ್ಲ.

ಕೊನೆಯ ಸಾಲಿನಲ್ಲಿ ಫೋನು ಹಿಡಿದು ಸದ್ದು ಅಳೆಯುತ್ತಾ ಕೂತಿದ್ದರು. ಗಿಟಾರ್ ಹೆಚ್ಚಾದಾಗ ಕೈ ಕೆಳಗೆ, ಕಡಿಮೆಯಾದಾಗ ಕೈ ಮೇಲೆ. ಕಾರ್ಯಕ್ರಮ ಮುಗಿದ ಮೇಲೆ ಹಾಡುಗಾರ್ತಿ, "ಇನ್ಮೇಲೆ ನಿಮ್ಮನೆಯವರು ಬರ್ದೇ ಇದ್ರೆ ನಾನು ಹಾಡಲ್ಲ" ಎಂದು ಮುದ್ರೆ ಒತ್ತಿದಳು. ನಾದಿನಿಯೂ ಬಂದಿದ್ದಳು. ಅಣ್ಣನ ಕೈ ಸನ್ನೆ ನೋಡಿ ನೋಡಿ ಚಪ್ಪಾಳೆ ತಟ್ಟುವುದನ್ನೇ ಮರೆತಿದ್ದಳಂತೆ.

ಏಪ್ರಿಲ್ ೨೬, ಭಾನುವಾರ

ಏಳುವಾಗಲೇ ತಡ. ಇವರ ಗೊರಕೆಯಿಂದ ಬೇಗ ಎಚ್ಚರವಾಗಿತ್ತು, ದಿಂಬು ಕಿವಿಗೊತ್ತಿಕೊಂಡು ಮತ್ತೆ ಮಲಗಿದೆ. ಅತ್ತೆಯನ್ನು ಕಿಟಕಿಯ ಪಕ್ಕಕ್ಕೆ ತಳ್ಳಿಸಬೇಕು. ಅವಳಿನ್ನು ಎಲ್ಲಿಗೂ ಹೊರಡುವುದು ಬೇಡ, ಭಾನುವಾರ ಸಂಜೆ ಕಾಯಿಸಿ ಮಾತಾಡಿಸಿದರೆ ಸಾಕು.

ಚಹಾ ಆದ ಮೇಲೆ ಇವರು ತಕ್ಕಡಿ ತಂದು ಸೊಸೆಯ ಹಿಡಿಕೆಗೆ ಸಿಕ್ಕಿಸಿದರು. ಈ ಸಲ ಎತ್ತಿದ್ದು ಇವರೇ. ಹೆಬ್ಬೆರಳು ದೂರ ಇತ್ತು.

"ಐದು ಆರುನೂರು" ಎಂದರು, ನನ್ನ ಕಡೆ ನೋಡದೆ.

"ಹೌದಾ? ಮೊದಲು ನಾಲ್ಕು ಎಂಟುನೂರು ಇತ್ತಲ್ರೀ."

ಇನ್‌ಸ್ಪೆಕ್ಟರು ಗಂಭೀರವಾಗಿ ಮುಳ್ಳನ್ನೇ ನೋಡಿದರು. "ಹೊಸದರಲ್ಲಿ ಖಾಲಿ ಇತ್ತು. ನೀನು ನಿನ್ನೆ ನುಡಿಸಿದ್ದೆಲ್ಲ ಒಳಗೆ ಸೇರ್ಕೊಂಡಿದೆ."

"ಎಂಟುನೂರು ಗ್ರಾಮಾ?"

"ಎಂಟುನೂರು ಗ್ರಾಂ. ಬೇಕಾದ್ರೆ ಬರೆದಿಟ್ಕೋ."

ಬ್ರೆಡ್ ತರುತ್ತೇನೆಂದು ಒಬ್ಬರೇ ಹೊರಗೆ ಹೋಗಿದ್ದಾರೆ. ನಾನು ಬರೆದಿಟ್ಟುಕೊಂಡಿದ್ದೇನೆ: ನಿನ್ನೆ ನಾನು ನುಡಿಸಿದ್ದು ಎಂಟುನೂರು ಗ್ರಾಂ ತೂಗಿತು. ತೂಗಿದವರು ಇವರು.